ಪದ ಪರಿಚಯ: ಸೂ ಬ್ವಾ

ಕಾಡನ್ನು ದೂರ ನಿಂತು ಬರೆಯಬಹುದು, ಒಳಗೆ ಹೊಕ್ಕೂ ಬರೆಯಬಹುದು. ಮರಗಳ ನಡುವೆಯೇ ನಿಂತು, ಸೊಪ್ಪಿನ ಚಪ್ಪರದ ಕೆಳಗೆ ಕಂಡದ್ದನ್ನು ಬರೆದ ಚಿತ್ರಕ್ಕೆ ಫ್ರೆಂಚರು ಸೂ ಬ್ವಾ ಎನ್ನುತ್ತಾರೆ. 19ನೇ ಶತಮಾನದಲ್ಲಿ ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋ ಕಾಡಿನಲ್ಲಿ ಥಿಯೊಡೋರ್ ರೂಸೊ, ಡಿಯಾಜ್ ಮುಂತಾದ, ಕಾಡಂಚಿನ ಬಾರ್ಬಿಜಾನ್ ಹಳ್ಳಿಯ ಹೆಸರಿನಿಂದ ಗುರುತಾದ ಕಲಾವಿದರು ಇಂಥ ಚಿತ್ರಗಳನ್ನು ಬಹಳ ಬರೆದರು. ಶಿರಸಿ, ಸಿದ್ದಾಪುರದವರಿಗೆ ಹೇಳುವುದಾದರೆ ಇದು ಕಾನಿನ, ಅಂದರೆ ಸದಾ ಹಸಿರಾದ ದಟ್ಟ ಕಾಡಿನ ಒಳನೋಟ.

ಕಾರವಾರದ ಕಡಲನ್ನು ಬರೆಯುವಾಗ ನೀರು ಮತ್ತು ಬಾನು ಸೇರುವ ಗೆರೆ ಎಳೆದರೆ ಅರ್ಧ ಜೋಡಣೆ ಮುಗಿದ ಹಾಗೆ, ಅಲ್ವಾ? ಕಾನಿನಲ್ಲಿ ಆ ಗೆರೆಯೇ ಇಲ್ಲ. ಎತ್ತ ನೋಡಿದರೂ ಕಾಂಡ, ಬಳ್ಳಿ, ಎಲೆ. ಕಣ್ಣು ಎಲ್ಲಿ ನಿಲ್ಲಬೇಕು ಎನ್ನುವುದನ್ನು ಬೆಳಕೇ ಹೇಳಬೇಕು. ಸೂ ಬ್ವಾದ ಜೀವ ಇರುವುದೇ ಇಲ್ಲಿ.

ಆ ಬೆಳಕನ್ನು ಬಗ್ಗಿ ನೋಡಿ. ನೆಲಕ್ಕೆ ಬಿದ್ದ ಬಿಸಿಲ ಚುಕ್ಕಿಗಳಿಗೆ ಎಲೆಸಂದಿಯ ಆಕಾರ ಇರುವುದಿಲ್ಲ, ಹೆಚ್ಚಿನವು ದುಂಡಗಿರುತ್ತವೆ. ಸಣ್ಣ ಸಂದಿ ಪಿನ್‌ಹೋಲ್ ಕ್ಯಾಮೆರಾದಂತೆ ಕೆಲಸ ಮಾಡಿ ಸೂರ್ಯನ ಬಿಂಬವನ್ನೇ ನೆಲಕ್ಕೆ ಇಳಿಸುತ್ತದೆ. ಸೂರ್ಯ ನೆತ್ತಿಯ ಮೇಲಿದ್ದು, ಸಂದಿ 20 ಮೀಟರ್ ಎತ್ತರದಲ್ಲಿದ್ದರೆ ಚುಕ್ಕಿಯ ಅಗಲ ಸುಮಾರು 18 ಸೆಂಟಿಮೀಟರ್. ಪಾರ್ಶ್ವ ಸೂರ್ಯಗ್ರಹಣದ ಹೊತ್ತಿಗೆ ನೆಲದ ಚುಕ್ಕಿಗಳೂ ಗ್ರಹಣ ಹಿಡಿದೇ ಕಾಣುತ್ತವೆ! ಹೊತ್ತು ಇಳಿದಂತೆ ಅವು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತವೆ, ಕಾಂಡದ ಮೇಲೆ ಬಿದ್ದರೆ ತೊಗಟೆಯ ಉಬ್ಬುತಗ್ಗಿಗೆ ಬಾಗುತ್ತವೆ. ಅಂಚು ಯಾವಾಗಲೂ ಮಸುಕು. ಸುಮ್ನೆ ಚೂಪು ಅಂಚಿನ ಹಳದಿ ತೇಪೆ ಹಾಕಿದರೆ ಬಣ್ಣ ಕಾಣುತ್ತದೆ, ಬಿಸಿಲು ಕಾಣುವುದಿಲ್ಲ.

ಚುಕ್ಕಿಗಳು ಜಾಸ್ತಿಯಾದಷ್ಟೂ ಚಿತ್ರ ಲವಲವಿಕೆಯದಾಗುತ್ತದೆ. ಒಂದೆರಡೇ ಇದ್ದರೆ ಗಂಭೀರ. ನನಗೆ ಎರಡನೆಯದೇ ಇಷ್ಟ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಜಾತಿಯ ಮರಗಳ ಜೌಗು ನೆಲದಲ್ಲಿ, ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿ ಮತ್ತೆ ಕೆಸರಿಗೇ ಇಳಿಯುತ್ತವೆ. ಅಂಥ ಒಂದು ಬೇರಿನ ಬೆನ್ನಿಗೆ ತುಸು ಬಿಸಿಲು ತಾಗಿದರೆ ಸಾಕು, ಸುತ್ತಲಿನ ಕತ್ತಲೆಗೂ ಆಳ ಬರುತ್ತದೆ. ಆ ಕತ್ತಲೆಗೆ ಬರೀ ಕಪ್ಪು ಬಳಿಯಬಾರದು. ಎಲೆಗಳಿಂದ ಸೋಸಿ ಬಂದ ಬೆಳಕಿನಿಂದ ನೆರಳಿಗೂ ಹಸಿರು ಹತ್ತಿರುತ್ತದೆ.

ಮಳೆಗಾಲದಲ್ಲಿ ಚುಕ್ಕಿಗಳೇ ಇಲ್ಲ. ಆಗ ನೆನೆದ ಹತ್ತಿರದ ಕಾಂಡಗಳು ಕಪ್ಪಗೆ, ಮಂಜಿನ ಹಿಂದಿನವು ಬರಬರುತ್ತಾ ಬಿಳಿಚಿಕೊಂಡು ಕಾಣುತ್ತವೆ. ದೂರವನ್ನು ತೋರಿಸಲು ಈ ಏರಿಳಿತವೇ ಸಾಕು. ಜಲವರ್ಣದಲ್ಲಿ ಬರೆಯುವವರು ದೂರದ ಮರಗಳಿಂದ ಶುರುಮಾಡಿ, ಮುಂದಿನ ಕಪ್ಪು ಕಾಂಡವನ್ನು ಕೊನೆಗೆ ಇಡುವುದು ಇದಕ್ಕೇ.