ಕಮಾನು ಪಕ್ಕಕ್ಕೆ ನೂಕುತ್ತದೆ

2025ರ ಜೂನ್ 6ರಂದು ಜಮ್ಮು-ಕಾಶ್ಮೀರದ ಚೆನಾಬ್ ರೈಲು ಸೇತುವೆ ಉದ್ಘಾಟನೆ ಆಯಿತು. ಅಲ್ಲಿಂದ ಮುಂದೆ ನನ್ನ ಆಫೀಸಿಗೆ ಸೇತುವೆ ಕೇಳಿಕೊಂಡು ಬರುವವರ ಮೊಬೈಲಿನಲ್ಲಿ ಅದರ ಫೋಟೊ ಇದ್ದೇ ಇರುತ್ತದೆ. "ಸಾರ್, ನಮ್ಮೂರ ಹೊಳೆಗೂ ಇಂಥದ್ದೇ ಕಮಾನು ಮಾಡಿಕೊಡಿ, ಸಣ್ಣದಾದರೂ ಸಾಕು" ಅನ್ನುತ್ತಾರೆ. ನನಗೂ ಖುಷಿಯೇ. ಉಕ್ಕಿನ ಕಮಾನಿನಷ್ಟು ಚಂದದ ಸೇತುವೆ ಇನ್ನೊಂದಿಲ್ಲ.

ಆಮೇಲೆ ಎಸ್ಟಿಮೇಟ್ ಮುಂದಿಡುತ್ತೇನೆ. ಉಕ್ಕಿನ ರೇಟು, ವೆಲ್ಡಿಂಗ್, ಪೇಂಟ್, ಕ್ರೇನ್ ಬಾಡಿಗೆ ಯಾವುದಕ್ಕೂ ತಕರಾರಿಲ್ಲ. ಬೆರಳು ಬಂದು ನಿಲ್ಲುವುದು ಸಾಯಿಲ್ ಟೆಸ್ಟ್ ಅನ್ನುವ ಸಾಲಿನ ಮೇಲೆ. "ಇದು ಯಾಕೆ ಸಾರ್? ಹೋದ ವರ್ಷ ಅಲ್ಲೇ ಪಕ್ಕದ ತೋಟದಲ್ಲಿ ಬೋರ್‌ವೆಲ್ ಹೊಡೆಸಿದ್ದೀವಿ. ನಲವತ್ತು ಅಡಿಗೇ ಕಲ್ಲು ಸಿಕ್ಕಿತು. ಜಾಗ ಗಟ್ಟಿ ಇದೆ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಇವತ್ತು ಬೇರೆಲ್ಲ ಬಿಟ್ಟು ಇದೊಂದನ್ನೇ ಬರೆಯುತ್ತೇನೆ.

ಸೇತುವೆಯ ಭಾರ ಕೆಳಗೆ ಇಳಿಯುತ್ತದೆ, ನೆಲ ಅದನ್ನು ಹೊರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಕಮಾನು ಅಷ್ಟಕ್ಕೇ ಬಿಡುವುದಿಲ್ಲ, ನೆಲವನ್ನು ಪಕ್ಕಕ್ಕೂ ನೂಕುತ್ತದೆ. ಒಂದು ಸ್ಟೀಲ್ ಸ್ಕೇಲ್ ತಗೊಳ್ಳಿ. ಮೇಜಿನ ಮೇಲೆ ಎರಡು ಪುಸ್ತಕ ಇಟ್ಟು, ನಡುವೆ ಸ್ಕೇಲನ್ನು ಬಗ್ಗಿಸಿ ನಿಲ್ಲಿಸಿ. ಈಗ ನೆತ್ತಿಯ ಮೇಲೆ ಬೆರಳಿಟ್ಟು ಒತ್ತಿ. ಸ್ಕೇಲ್ ಮುರಿಯುವುದಿಲ್ಲ. ಪುಸ್ತಕಗಳು ಆಚೆಗೊಂದು ಈಚೆಗೊಂದು ಜಾರುತ್ತವೆ. ಅವು ಜಾರಿದ ಕ್ಷಣಕ್ಕೆ ಕಮಾನು ಹೋಯಿತು, ಮೇಜಿನ ಮೇಲೆ ಚಪ್ಪಟೆ ಸ್ಕೇಲ್ ಉಳಿಯಿತು. ಸ್ಕೇಲಿನ ತಪ್ಪು ಏನೂ ಇಲ್ಲ ಅಲ್ವಾ? ಇನ್ನೂ ದಪ್ಪ ಸ್ಕೇಲ್ ತಂದಿದ್ದರೂ ಪುಸ್ತಕ ಜಾರುತ್ತಿತ್ತು.

ಪಕ್ಕಕ್ಕೆ ಎಷ್ಟು ನೂಕುತ್ತದೆ ಅನ್ನುವುದನ್ನು ಲೆಕ್ಕದಲ್ಲೇ ನೋಡೋಣ. ಜನ ಮತ್ತು ಬೈಕ್ ಓಡಾಡುವ 40 ಮೀಟರ್ ಉದ್ದದ ಸೇತುವೆ ಅಂದುಕೊಳ್ಳಿ. ಒಂದು ಮೀಟರಿಗೆ ಎರಡೂವರೆ ಟನ್ ಭಾರ. ಒಟ್ಟು 100 ಟನ್. ಒಂದೊಂದು ದಡಕ್ಕೆ 50 ಟನ್ ಕೆಳಮುಖವಾಗಿ ಇಳಿಯುತ್ತದೆ. ಕಮಾನಿನ ಎತ್ತರ 8 ಮೀಟರ್ ಇದ್ದರೆ, ಪಕ್ಕಕ್ಕೆ ನೂಕುವುದು ಎಷ್ಟು ಗೊತ್ತೇ? 62.5 ಟನ್. ಕೆಳಗೆ ಇಳಿಯುವುದಕ್ಕಿಂತ ಜಾಸ್ತಿ. ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಸಾರ್, ಸ್ವಲ್ಪ ತಗ್ಗಿಸಿ, ಚಪ್ಪಟೆ ಇದ್ದರೆ ನೋಡೋಕೆ ಇನ್ನೂ ಚೆನ್ನಾಗಿರುತ್ತೆ, ಉಕ್ಕೂ ಉಳಿಯುತ್ತೆ." ಎತ್ತರವನ್ನು 4 ಮೀಟರಿಗೆ ಇಳಿಸಿದರೆ ನೂಕು 125 ಟನ್ ಆಗುತ್ತದೆ. ಎತ್ತರ ಅರ್ಧ ಆದರೆ ನೂಕು ಎರಡರಷ್ಟು. ಚಪ್ಪಟೆ ಮಾಡಿದಷ್ಟೂ ದಡದ ಮಣ್ಣಿನ ಮೇಲೆ ಹೊರೆ ಏರುತ್ತದೆ.

ಇದು ಉದ್ದಕ್ಕೂ ಸಮನಾಗಿ ಹರಡಿದ ಭಾರದ ಸರಳ ಲೆಕ್ಕ, ವಿಷಯ ಅರ್ಥವಾಗಲಿ ಅಂತ ಕೊಟ್ಟಿದ್ದು. ಒಂದೇ ಬದಿಗೆ ಜನ ಸೇರುವುದು, ಗಾಳಿ, ಭೂಕಂಪ, ಬಿಸಿಲಿಗೆ ಉಕ್ಕು ಹಿಗ್ಗುವುದು ಎಲ್ಲ ಇದರಲ್ಲಿ ಬಂದಿಲ್ಲ. ದಯವಿಟ್ಟು ಈ ಅಂಕಿ ಹಿಡಿದುಕೊಂಡು ಯಾರೂ ಅಡಿಪಾಯ ಹಾಕಬೇಡಿ.

ಸಿಡ್ನಿ ಹಾರ್ಬರ್ ಸೇತುವೆಯ ಫೋಟೊ ನೋಡಿದ್ದೀರಲ್ಲ. 1932ರಲ್ಲಿ ತೆರೆದದ್ದು, 503 ಮೀಟರ್ ಕಮಾನು. ಎರಡೂ ತುದಿಯಲ್ಲಿ ದೊಡ್ಡ ಕಲ್ಲಿನ ಗೋಪುರಗಳಿವೆ. ಕಮಾನನ್ನು ಹಿಡಿದಿರುವುದು ಅವೇ ಅಂತ ಇಂಜಿನಿಯರಿಂಗ್ ಓದುವ ಹುಡುಗರೂ ಹೇಳುತ್ತಾರೆ. ಅವು ಅಂದಕ್ಕೆ ಕಟ್ಟಿದ ಗೋಪುರಗಳು, ಕಮಾನಿನ ಭಾರ ಒಂದಿಷ್ಟೂ ಅವುಗಳ ಮೇಲಿಲ್ಲ. ಅವುಗಳ ಬುಡದಲ್ಲಿ, ಫೋಟೊದಲ್ಲಿ ಯಾರೂ ಗಮನಿಸದ ಕಡೆ, ನಾಲ್ಕು ದೊಡ್ಡ ಪಿನ್‌ಗಳಿವೆ, ಬಾಗಿಲಿನ ಕೀಲಿನ ಹಾಗೆ ತುಸು ತಿರುಗಲು ಬಿಡುವಂಥವು. ಇಡೀ ಕಮಾನು ಅವುಗಳ ಮೂಲಕ ಮರಳುಗಲ್ಲಿನ ಬಂಡೆಯನ್ನು ನೂಕುತ್ತಾ ನಿಂತಿದೆ. ಬಿಸಿಲು ಏರಿದಾಗ ಕಮಾನಿನ ನೆತ್ತಿ 18 ಸೆಂಟಿಮೀಟರಿನವರೆಗೂ ಮೇಲೇಳುತ್ತದೆ. ಹಾಗೆ ಏಳಲು ಇಳಿಯಲು ಆಸ್ಪದ ಇರಲಿ ಅಂತಲೇ ಬುಡದಲ್ಲಿ ಪಿನ್ ಇಟ್ಟಿದ್ದಾರೆ.

ಈಗ ಚೆನಾಬಿಗೆ ಬರೋಣ. ಕಮಾನು 467 ಮೀಟರ್. ನದಿಯ ತಳದಿಂದ ಹಳಿಗೆ 359 ಮೀಟರ್ ಎತ್ತರ. 28 ಸಾವಿರ ಟನ್ನಿಗೂ ಮೀರಿದ ಉಕ್ಕು. ಎರಡೂ ದಡದಿಂದ ಮುಂಚಾಚುತ್ತಾ ಬಂದ ಕಮಾನಿನ ನಡುವೆ ಕೊನೆಯ 5.6 ಮೀಟರ್ ತುಂಡು ಕೂತಿದ್ದು 2021ರ ಏಪ್ರಿಲ್ 5ರಂದು. ಎಲ್ಲರ ಫೋನಿನಲ್ಲಿ ಇರುವ ವಿಡಿಯೊ ಅದೇ. ಆದರೆ ಗುತ್ತಿಗೆ ಕೊಟ್ಟಿದ್ದು 2004ರಲ್ಲಿ, ಕಮಾನಿನ ಉಕ್ಕು ಏರಲು ಶುರುವಾಗಿದ್ದು 2017ರ ಕೊನೆಗೆ. ನಡುವೆ ಕೆಲಸ ನಿಂತಿದ್ದೂ ಉಂಟು, ಯೋಜನೆಯನ್ನೇ ಮತ್ತೆ ಪರಿಶೀಲಿಸಿದ್ದೂ ಉಂಟು. ಉಳಿದ ವರ್ಷಗಳಲ್ಲಿ ಬಹಳಷ್ಟನ್ನು ತಿಂದದ್ದು ನೆಲ.

ಅಲ್ಲಿರುವುದು ಡಾಲೊಮೈಟ್ ಬಂಡೆ. ಬಂಡೆ ಅಂದ ತಕ್ಷಣ ಗಟ್ಟಿ ಅಂದುಕೊಳ್ಳುತ್ತೇವೆ. ಆ ಬಂಡೆಯ ತುಂಬ ಬಿರುಕು, ಒಳಗೆ ಅಲ್ಲಲ್ಲಿ ಪೊಳ್ಳು. ಮೇಲಿಂದ ಕಡಿದಾದ ಇಳಿಜಾರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಜಿ. ಮಾಧವಿ ಲತಾ ಅವರು 17 ವರ್ಷ ಈ ಬಂಡೆಯ ಹಿಂದೆ ಬಿದ್ದು ಕೆಲಸ ಮಾಡಿದರು. ಅಗೆಯುತ್ತಾ ಹೋದ ಹಾಗೆ ಏನು ಸಿಗುತ್ತದೋ ಅದಕ್ಕೆ ತಕ್ಕ ಹಾಗೆ ಡಿಸೈನ್ ತಿದ್ದುವುದು ಅವರ ದಾರಿ. ಬಿರುಕುಗಳಿಗೆ ಸಿಮೆಂಟ್ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ ತುಂಬಿ, ಬಂಡೆಯನ್ನು ಬಿಗಿದು ಹಿಡಿಯುವ ಉಕ್ಕಿನ ಆಂಕರ್ ಒಳಗಿಳಿಸಿ, ಇಳಿಜಾರನ್ನು ಕಟ್ಟಿಹಾಕಿದ ಮೇಲೆ ಕಮಾನು ಅದಕ್ಕೆ ಒರಗಿತು. ನನ್ನ ಬಳಿ ಚೆನಾಬಿನ ಫೋಟೊ ತರುವವರಿಗೆ ನಾನು ತೋರಿಸುವುದು ಈ ಭಾಗವನ್ನು.

ಬೋರ್‌ವೆಲ್ ಗಾಡಿಯವರ ಮೇಲೆ ನನಗೆ ಗೌರವವಿದೆ. ನೀರಿನ ವಿಷಯ ಅವರಿಗೆ ಗೊತ್ತು. ಆದರೆ ಆ ಗಾಡಿ ಕಲ್ಲನ್ನು ಕುಟ್ಟಿ ಪುಡಿ ಮಾಡಿ ಮೇಲೆ ಊದುತ್ತದೆ. ಪುಡಿಯಲ್ಲಿ ಬಿರುಕು ಕಾಣುತ್ತದೆಯೇ? ನಮ್ಮ ಟೆಸ್ಟಿನ ಯಂತ್ರ ಬಂಡೆಯನ್ನು ಕೊರೆದು ಕಬ್ಬಿನ ಜಲ್ಲೆಯ ಹಾಗೆ ಉದ್ದುದ್ದ ತುಂಡು ತೆಗೆಯುತ್ತದೆ. ಅವನ್ನು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಮೇಲೆ ಆಳ ಬರೆದಿಡುತ್ತಾರೆ. ಟೇಪ್ ಹಿಡಿದು 10 ಸೆಂಟಿಮೀಟರಿಗಿಂತ ಉದ್ದ ಇರುವ ತುಂಡುಗಳನ್ನು ಮಾತ್ರ ಕೂಡಿಸುತ್ತೇವೆ. ಕೊರೆದ ಒಂದು ಮೀಟರಿನಲ್ಲಿ ಅಂಥವು 85 ಸೆಂಟಿಮೀಟರ್ ಇದ್ದರೆ ಮನಸ್ಸಿಗೆ ನೆಮ್ಮದಿ. 20 ಇದ್ದರೆ ಅದು ಬಂಡೆಯ ಹೆಸರು ಹೊತ್ತ ಜಲ್ಲಿ. ಬೋರ್‌ವೆಲ್‌ನವರಿಗೆ ಎರಡೂ "ಕಲ್ಲು" ಅಷ್ಟೇ.

ಕೆಲವು ವರ್ಷಗಳ ಹಿಂದೆ ಘಟ್ಟದ ಕೆಳಗಿನ ಒಂದು ಊರಿನವರು ಬಂದಿದ್ದರು. ಮಕ್ಕಳು ಶಾಲೆಗೆ ಹೊಳೆ ದಾಟಬೇಕು, ಮಳೆಗಾಲದಲ್ಲಿ ಮೂರು ಕಿಲೋಮೀಟರ್ ಸುತ್ತು. ಕಮಿಟಿಯ ಅಧ್ಯಕ್ಷರು ಅರವತ್ತು ದಾಟಿದವರು, ಅಡಿಕೆ ಕೃಷಿಕರು. "ಎರಡೂ ದಡ ಮುರಕಲ್ಲು ಮಾರಾಯ್ರೆ, ಪಿಕಾಸಿ ಹಾರುತ್ತದೆ" ಅಂದರು. ಅವರು ಹೇಳಿದ್ದು ನಿಜ. ಹಾಗಿದ್ದರೂ ಹಟ ಹಿಡಿದು ಕೊರೆಸಿದೆ. ಮೂರು ಮೀಟರ್ ಮುರಕಲ್ಲು. ಅದರ ಕೆಳಗೆ ಶೇಡಿ ಮಣ್ಣು, ಬಿಳಿಗೆಂಪು, ಒಣಗಿದ್ದಾಗ ಚೆನ್ನಾಗಿ ನಿಲ್ಲುತ್ತದೆ. ನೆನೆದ ಮೇಲೆ ಬೆರಳಲ್ಲಿ ಹಿಸುಕಿದರೆ ಬೆಣ್ಣೆ. ಆ ತುಂಡನ್ನೇ ಒಂದು ಲೋಟ ನೀರಿಗೆ ಹಾಕಿ ಅವರ ಮುಂದಿಟ್ಟೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕರಗಿ ಕೂತಿತ್ತು.

ಹಾಗಂತ ಕಮಾನು ಕೈಬಿಡಬೇಕಾಗಿ ಬರಲಿಲ್ಲ. ಪೇಂಟರ್‌ಗಳು ತರುವ ಎರಡು ಬದಿ ಕಾಲಿನ ಏಣಿ ನೋಡಿದ್ದೀರಲ್ಲ, ಕಾಲುಗಳ ನಡುವೆ ಒಂದು ಹಗ್ಗ ಇರುತ್ತದೆ. ನುಣುಪು ಗ್ರಾನೈಟ್ ನೆಲದ ಮೇಲೂ ಏಣಿ ಹರಡಿಕೊಳ್ಳದಂತೆ ಹಿಡಿಯುವುದು ಆ ಹಗ್ಗ. ಕಮಾನಿಗೂ ಹಾಗೇ ಮಾಡಬಹುದು. ಎರಡು ಪಾದಗಳ ನಡುವೆ, ಓಡಾಡುವ ದಾರಿಯ ಮಟ್ಟದಲ್ಲೇ, ಉಕ್ಕಿನ ಟೈ ಕೊಟ್ಟರೆ ನೂಕನ್ನು ಅದೇ ಎಳೆದು ಹಿಡಿಯುತ್ತದೆ. ಬಿಲ್ಲು ಮತ್ತು ಹೆದೆ. ಸೇತುವೆಯ ಭಾರದ ಮಟ್ಟಿಗೆ ದಡಕ್ಕೆ ಉಳಿಯುವುದು ಕೆಳಮುಖದ 50 ಟನ್. ರಾಜಮಂಡ್ರಿಯಲ್ಲಿ ಗೋದಾವರಿಯ ಮೇಲೆ ಇರುವ ರೈಲು ಸೇತುವೆಯೂ ಇದೇ ಜಾತಿಯದು, ಆದರೆ ಕಾಂಕ್ರೀಟ್ ಕಮಾನು. ನಮ್ಮ ಸೇತುವೆಗೆ ಟೈಗಾಗಿ ಉಕ್ಕು ಸ್ವಲ್ಪ ಜಾಸ್ತಿ ಹಿಡಿಯಿತು. ಶೇಡಿಯ ಕೆಳಗಿನ ಬಂಡೆಗೆ ಪೈಲ್, ಅಂದರೆ ನೆಲದಾಳದ ಅಡಿಪಾಯದ ಕಂಬ, ಇಳಿಸಿದೆವು.

ಒಂದು ತುದಿಯನ್ನು ಪಿನ್ ಮಾಡಿ, ಇನ್ನೊಂದು ತುದಿಯನ್ನು ಜಾರುವ ಬೇರಿಂಗ್ ಮೇಲೆ ಕೂರಿಸಿದ್ದೆವು. ಅಧ್ಯಕ್ಷರಿಗೆ ಅದು ಸಮಾಧಾನವಿರಲಿಲ್ಲ. ಜಾರುವುದನ್ನು ಯಾಕೆ ಬಿಟ್ಟಿದ್ದೀರಿ, ವೆಲ್ಡ್ ಮಾಡಿಸಿ ಅಂದರು. ಬೆಳಗ್ಗೆ ಆರೂವರೆಗೆ ಬೇರಿಂಗ್ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಹೋಗಿ ನೋಡಿದೆವು. ಉಕ್ಕು ಗೆರೆ ದಾಟಿ 9 ಮಿಲಿಮೀಟರ್ ಮುಂದೆ ಬಂದಿತ್ತು. ಅವರು ಬಗ್ಗಿ, ಆ ಸಂದಿಗೆ ಕಿರುಬೆರಳಿಟ್ಟು ತುಂಬ ಹೊತ್ತು ಕೂತಿದ್ದರು. ನಾನು ಸಂಜೆ ಬಸ್ಸಿಗೆ ವಾಪಸ್ ಬಂದೆ. ಮರುದಿನ ಬೆಳಗ್ಗೆ ಅವರದೇ ಫೋನ್ ಬಂತು. "ಸಾರ್, ಗೆರೆಗೆ ವಾಪಸ್ ಬಂದಿದೆ" ಅಂದರು.