ಬ್ಯಾಕ್ ಕಂಪ್ರೆಷನ್: ಆಯಿಲ್ ಕ್ಯಾಪ್ ತೆಗೆದಾಗ ಬರುವ ಹೊಗೆ ಏನು ಹೇಳುತ್ತದೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದರೆ ಅವರು ಮಾಡುವ ಮೊದಲ ಕೆಲಸ ಇದು. ಬಾನೆಟ್ ಎತ್ತಿ, ಇಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಕ್ಯಾಪ್ ತಿರುಗಿಸಿ ತೆಗೆಯುತ್ತಾರೆ. ತೂತಿನ ಮೇಲೆ ಅಂಗೈ ಹಿಡಿಯುತ್ತಾರೆ. ಪುಸುಪುಸು ಅಂತ ಹೊಗೆ ಬಂತೋ, 'ಬ್ಯಾಕ್ ಕಂಪ್ರೆಷನ್ ಇದೆ ಸಾರ್, ಬೇಡ ಬಿಡಿ' ಅನ್ನುತ್ತಾರೆ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ನಮ್ಮದೇ ಕಾರಾದರೆ ಮಾತು 'ಇಂಜಿನ್ ಇಳಿಸ್ಬೇಕು' ಅಂತ ಬದಲಾಗುತ್ತದೆ. ಇಷ್ಟು ದೊಡ್ಡ ಖರ್ಚು ಒಂದೇ ಮಾತಿನ ಮೇಲೆ ನಿಂತಿರುವಾಗ, ಆ ಮಾತಿನ ಅರ್ಥ ಕಾರಿನ ಮಾಲೀಕರಿಗೆ ಗೊತ್ತಿರಲೇಬೇಕು.

ಇಂಜಿನ್ ಒಳಗೆ ಪ್ರತಿ ಸಿಲಿಂಡರ್‌ನಲ್ಲೂ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಸಣ್ಣ ಸಂದು ಇರಲೇಬೇಕು, ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಆ ಸಂದನ್ನು ಮುಚ್ಚುವುದು ಪಿಸ್ಟನ್ ರಿಂಗ್. ಸಾಮಾನ್ಯವಾಗಿ ಮೂರು ಇರುತ್ತವೆ. ಮೇಲಿನ ಎರಡು ಗ್ಯಾಸ್ ತಡೆಯುತ್ತವೆ, ಮೂರನೆಯದು ಗೋಡೆಗೆ ಅಂಟಿದ ಆಯಿಲನ್ನು ಕೆರೆದು ಕೆಳಗೆ ಇಳಿಸುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರ್‌ನಲ್ಲಿ ಸೆಕೆಂಡಿಗೆ 25 ಸಲ ಇಂಧನ ಉರಿಯುತ್ತದೆ. ಪ್ರತಿ ಸಲವೂ ಆ ಒತ್ತಡದಲ್ಲಿ ಒಂದಿಷ್ಟು ಗ್ಯಾಸ್ ರಿಂಗ್ ದಾಟಿ ಕೆಳಗೆ, ಆಯಿಲ್ ಇರುವ ಕಡೆಗೆ ನುಸುಳುತ್ತದೆ. ಸೈಕಲ್ ಪಂಪಿನ ವಾಷರ್ ಸವೆದಾಗ ಗಾಳಿ ಟ್ಯೂಬಿಗೆ ಹೋಗದೆ ಕೈ ಕಡೆಗೇ ವಾಪಸ್ ಬರುತ್ತದಲ್ವಾ, ಹಾಗೆಯೇ. ಈ ಸೋರಿಕೆಗೆ ಕಂಪನಿಯವರು ಬ್ಲೋ-ಬೈ ಅನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಬ್ಯಾಕ್ ಕಂಪ್ರೆಷನ್.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಶೋರೂಮಿನಿಂದ ಈಗ ತಾನೇ ಹೊರಬಂದ ಕಾರಿನಲ್ಲೂ ಬ್ಯಾಕ್ ಕಂಪ್ರೆಷನ್ ಇರುತ್ತದೆ. ಸ್ವಲ್ಪವೂ ಸೋರದ ಇಂಜಿನ್ ಇಲ್ಲವೇ ಇಲ್ಲ. ಸೋರಿದ ಗ್ಯಾಸ್ ಹೊರಗೆ ಹೋಗಲೆಂದೇ ಪ್ರತಿ ಇಂಜಿನ್ನಿಗೂ ಬ್ರೀದರ್ ಪೈಪ್ ಇಟ್ಟಿರುತ್ತಾರೆ. ಹಿಂದೆ ಅದು ಸೀದಾ ರಸ್ತೆಗೆ ಬಿಡುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಮಂಜಿನ ಕಾಟ ತಾಳಲಾರದೆ, ಆ ಗ್ಯಾಸನ್ನು ಮತ್ತೆ ಇಂಜಿನ್ನಿಗೇ ಎಳೆದು ಉರಿಸುವ ಏರ್ಪಾಡು ಬಂತು. ಅದರ ಮುಖ್ಯ ಭಾಗ ಪಿಸಿವಿ ವಾಲ್ವ್. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಇದು ಸಾಮಾನ್ಯ.

ಹಳೇ ಕಾರುಗಳ ವಿಷಯದಲ್ಲಿ ಎಡವಟ್ಟಾಗುವುದು ಇಲ್ಲೇ. ಆಯಿಲ್ ಜಿಡ್ಡು ಕಟ್ಟಿ ಪಿಸಿವಿ ವಾಲ್ವ್ ಅಥವಾ ಬ್ರೀದರ್ ಪೈಪ್ ಮುಚ್ಚಿಹೋದರೆ ಗ್ಯಾಸ್ ಹೋಗಲು ದಾರಿ ಇಲ್ಲ. ಒಳಗೇ ಒತ್ತಡ ಏರುತ್ತದೆ. ಕ್ಯಾಪ್ ತೆಗೆದರೆ ಹೊಗೆ ಉಕ್ಕುತ್ತದೆ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲೆದ್ದು ಬರುತ್ತದೆ, ಆಯಿಲ್ ಸೀಲುಗಳಲ್ಲಿ ಜಿನುಗುತ್ತದೆ. ರಿಂಗು ಸವೆದಾಗ ಕಾಣುವ ಲಕ್ಷಣಗಳೂ ಇವೇ! ಒಂದು ರಿಪೇರಿ ಕೆಲವು ನೂರು ರೂಪಾಯಿಯದು, ಇನ್ನೊಂದು ಇಡೀ ಇಂಜಿನ್ ಬಿಚ್ಚುವಂಥದ್ದು. ಆದ್ದರಿಂದ ಮೊದಲು ಆ ವಾಲ್ವು, ಪೈಪು ಬಿಚ್ಚಿ ಕ್ಲೀನ್ ಮಾಡಿಸಿ ಅಥವಾ ಬದಲಿಸಿ. ಆಮೇಲೆ ಮುಂದಿನ ಮಾತು. ಟರ್ಬೊ ಇರುವ ಡೀಸೆಲ್ ಕಾರಾದರೆ ಟರ್ಬೊ ಸೀಲ್ ಹೋಗಿಯೂ ಇದೇ ರೀತಿ ಒತ್ತಡ ಬರಬಹುದು.

ಬರೀ ಅಂಗೈ ಹಿಡಿದು ನೋಡುವುದರಲ್ಲಿ ಇನ್ನೊಂದು ತೊಂದರೆ ಇದೆ. ಚಳಿಯ ಬೆಳಿಗ್ಗೆ ಯಾವ ಇಂಜಿನ್ ಆದರೂ ಒಂದಿಷ್ಟು ಆವಿ ಬಿಡುತ್ತದೆ. ಹಾಗಾಗಿ ಕಾರನ್ನು ಒಂದಷ್ಟು ದೂರ ಓಡಿಸಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ನೋಡಬೇಕು. ಕ್ಯಾಪನ್ನು ಬಿಚ್ಚಿ, ತಲೆಕೆಳಗಾಗಿ ತೂತಿನ ಮೇಲೆ ಸುಮ್ನೆ ಇಡಿ. ಅದು ಅಲ್ಲಲ್ಲೇ ಅಲುಗಾಡುತ್ತಿದ್ದರೆ ಗಾಬರಿ ಬೇಡ. ಎಗರಿ ಬಿದ್ದರೆ, ಹೊಗೆ ಬಿಡದೆ ಬರುತ್ತಿದ್ದರೆ ಮುಂದಿನ ಪರೀಕ್ಷೆ ಮಾಡಿಸಬೇಕು. ಕೆಲವು ಹೊಸ ಬಗೆಯ ಇಂಜಿನ್‌ಗಳಲ್ಲಿ ಕ್ಯಾಪ್ ತೆಗೆದ ಕೂಡಲೇ ಐಡಲ್ ತಡಬಡಾಯಿಸುತ್ತದೆ. ಅದು ಹೊರಗಿನ ಗಾಳಿ ಒಳಗೆ ಎಳೆದುಕೊಂಡಿದ್ದರಿಂದ, ಇಂಜಿನ್ ಕೆಟ್ಟಿದ್ದರಿಂದ ಅಲ್ಲ.

ಮುಂದಿನ ಪರೀಕ್ಷೆಯ ಹೆಸರು ಕಂಪ್ರೆಷನ್ ಟೆಸ್ಟ್. ಇದನ್ನು ಕೇಳಿ ಮಾಡಿಸಿಕೊಳ್ಳಿ, ನಾಚಿಕೆ ಬೇಡ. ಬಿಸಿ ಇಂಜಿನ್ನಿನ ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ನೂ ಪೆಟ್ರೋಲೂ ಬರದ ಹಾಗೆ ಮಾಡಿ, ಪ್ಲಗ್ಗಿನ ತೂತಿಗೆ ಗೇಜ್ ಹಾಕುತ್ತಾರೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯುತ್ತಾರೆ. ಬ್ಯಾಟರಿ ಫುಲ್ ಚಾರ್ಜ್ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಸಾಧಾರಣ ಪೆಟ್ರೋಲ್ ಕಾರುಗಳಲ್ಲಿ 150ರಿಂದ 200 ಪಿಎಸ್‌ಐ ಆಸುಪಾಸು ಬರುತ್ತದೆ, ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುವಲ್‌ನಲ್ಲಿರುತ್ತದೆ. ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಮೂರು ಸಿಲಿಂಡರ್ 165 ತೋರಿಸಿ ಒಂದು ಮಾತ್ರ 110 ತೋರಿಸಿದರೆ ಆ ಒಂದರಲ್ಲಿ ಏನೋ ಆಗಿದೆ. ಆಗ ಅದರೊಳಗೆ ಒಂದು ಸಣ್ಣ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಆಯಿಲ್ ರಿಂಗಿನ ಸಂದು ಮುಚ್ಚುವುದರಿಂದ ಮುಳ್ಳು ಮೇಲೇರಿದರೆ ದೋಷ ರಿಂಗಿನದು ಅಥವಾ ಬೋರಿನದು, ಅಂದರೆ ಸಿಲಿಂಡರ್ ಗೋಡೆಯದು. ಏರಲೇ ಇಲ್ಲವೆಂದರೆ ಸಿಲಿಂಡರಿನ ವಾಲ್ವ್ (ಪಿಸಿವಿ ಅಲ್ಲ, ಗಾಳಿ ಒಳಗೆ, ಹೊಗೆ ಹೊರಗೆ ಬಿಡುವಂಥದ್ದು) ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ವಾಲ್ವ್ ಕೆಲಸಕ್ಕೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಮಾತ್ರ ತೆಗೆದರೆ ಸಾಕು, ಕೆಳಗಿನ ಇಂಜಿನ್ ಮುಟ್ಟಬೇಕಿಲ್ಲ.

ಸೈಲೆನ್ಸರ್ ಹೊಗೆಯೂ ಸುಳಿವು ಕೊಡುತ್ತದೆ. ಏರು ಹತ್ತುವಾಗ, ಜೋರಾಗಿ ಒತ್ತಿದಾಗ ನೀಲಿ ಹೊಗೆ (ಆಯಿಲ್ ಉರಿಯುತ್ತಿರುವ ಗುರುತು) ಬಂದರೆ ರಿಂಗಿನ ಮೇಲೆ ಅನುಮಾನ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಸಲ ನೀಲಿಯಾಗಿ ಬಂದು ನಿಂತುಹೋದರೆ ವಾಲ್ವ್ ಸೀಲ್ ಹೋಗಿರಬಹುದು.

ರಿಂಗು ಯಾಕೆ ಹೋಗುತ್ತದೆ? ಕಿಲೋಮೀಟರ್ ಒಂದನ್ನೇ ದೂರಬೇಡಿ. ಹರಿದ ಏರ್ ಫಿಲ್ಟರ್ ಹಾಕಿಕೊಂಡು ಮಣ್ಣು ರಸ್ತೆಯಲ್ಲಿ ಓಡಿಸಿದರೆ ಧೂಳು ಒಳಗೆ ಹೋಗಿ ಸಿಲಿಂಡರ್ ಗೋಡೆಯನ್ನೇ ಉಜ್ಜಿ ತೆಗೆಯುತ್ತದೆ. ಒಂದು ಸಲ ನೀರಿಲ್ಲದೆ ಹೀಟ್ ಆದರೂ ಸಾಕು, ರಿಂಗಿನ ಬಿಗಿ ಸಡಿಲವಾಗಬಹುದು. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಹೋದರೆ ಕಾರ್ಬನ್ ಕಟ್ಟಿ ರಿಂಗು ಪಿಸ್ಟನ್ನಿನಲ್ಲಿ ತಾನು ಕೂರುವ ಕಚ್ಚಿನಲ್ಲೇ ಅಂಟಿಕೊಳ್ಳುತ್ತದೆ. ಹೀಗೆ ಅಂಟಿದ್ದು ಸವೆದದ್ದಲ್ಲ. ಒಳ್ಳೆಯ ಆಯಿಲ್ ಹಾಕಿ, ಹೇಳಿದ ಅವಧಿಗಿಂತ ಬೇಗ ಬೇಗ ಬದಲಿಸುತ್ತಾ ಹೋದರೆ ಕೆಲವು ಸಲ ಬಿಡಿಸಿಕೊಳ್ಳುತ್ತದೆ. ಎಲ್ಲ ಸಲವೂ ಅಲ್ಲ, ಆದರೆ ಇಂಜಿನ್ ಬಿಚ್ಚುವ ಮೊದಲು ಮಾಡಿ ನೋಡುವುದರಲ್ಲಿ ನಷ್ಟವಿಲ್ಲ.

ರಿಂಗು ಸವೆದಿರುವುದು ಖಚಿತವಾದರೂ ಅವತ್ತೇ ಇಂಜಿನ್ ಇಳಿಸಬೇಕೆಂದಿಲ್ಲ. ಪಿಕಪ್ ಪರವಾಗಿಲ್ಲ, ಎಮಿಷನ್ ಟೆಸ್ಟ್ ಪಾಸಾಗುತ್ತಿದೆ, ಆಯಿಲ್ ತೀರಾ ಜಾಸ್ತಿ ಕುಡಿಯುತ್ತಿಲ್ಲ ಅಂದರೆ ವಾರಕ್ಕೊಮ್ಮೆ ಲೆವೆಲ್ ನೋಡಿ ಟಾಪ್ ಅಪ್ ಮಾಡುತ್ತಾ ಇನ್ನೂ ಬಹಳ ದಿನ ಓಡಿಸಬಹುದು. 1000 ಕಿ.ಮೀ.ಗೆ ಒಂದು ಲೀಟರ್ ದಾಟುತ್ತಿದ್ದರೆ ಮಾತ್ರ ಇನ್ನು ತಳ್ಳಬೇಡಿ. ಹಾಗೆ ಉರಿಯುವ ಆಯಿಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತದೆ. 15 ವರ್ಷ ತುಂಬಿ ಆರ್‌ಸಿ ರಿನ್ಯೂ ಮಾಡಿಸುವ ಸಮಯ ಹತ್ತಿರ ಇದ್ದರೆ ಎರಡೂ ಖರ್ಚನ್ನು ಒಟ್ಟಿಗೇ ಲೆಕ್ಕ ಹಾಕಿ, ಕಾರು ಇಟ್ಟುಕೊಳ್ಳುವುದೋ ಬೇಡವೋ ನೋಡಿ.

ಕೆಲಸ ಮಾಡಿಸುವುದೇ ಆದರೆ, ಹೊಸ ರಿಂಗು ಹಾಕುವ ಮೊದಲು ಬೋರ್ ಅಳೆಸಿ. ಗೋಡೆ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಅದಕ್ಕೆ ಹೊಸ ರಿಂಗು ಕೂರುವುದಿಲ್ಲ, ದುಡ್ಡು ದಂಡ. ಲೇತ್ ವರ್ಕ್‌ಶಾಪಿನಲ್ಲಿ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬೇಕಾಗುತ್ತದೆ. ಆ ಅಳತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪಿಸ್ಟನ್ ತಲೆಯ ಮೇಲೂ ಸಾಮಾನ್ಯವಾಗಿ ಅದನ್ನು ಒತ್ತಿರುತ್ತಾರೆ, ಜೋಡಿಸುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.