ಲಿಂಬೆಗೂ ಎಂಟು, ಮೂಸಂಬಿಗೆ ಹತ್ತು

"ಮೇಡಮ್ರೀ, ನಿಮ್ಮ ಮಷಿನ್ ಕೆಟ್ಟೈತೇನ್ರೀ?"

ಕೊಪ್ಪಳದ ಹತ್ತಿರದ ತೋಟವೊಂದರಲ್ಲಿ ರೈತರೊಬ್ಬರು ಕೇಳಿದರು. ಅವರ ಮೂಸಂಬಿ ರಸದ ಹನಿಯನ್ನು, ಹಣ್ಣಿನ ಸಿಹಿ ನೋಡಲು ಬಳಸುವ ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಹಾಕಿದಾಗ 10 ತೋರಿಸಿತ್ತು. ಬದುವಿನ ಮೇಲಿದ್ದ ಲಿಂಬೆ ಹಿಂಡಿದರೆ 8. ಹಲ್ಲು ಜುಮ್ಮೆನ್ನುವ ಲಿಂಬೆಗೂ ಮೂಸಂಬಿಗೂ ಬರೀ ಎರಡು ಅಂಕದ ವ್ಯತ್ಯಾಸ ಅಂದರೆ ಯಾರು ನಂಬುತ್ತಾರೆ?

ಮಷಿನ್ ಸರಿಯಾಗೇ ಇತ್ತು. ಅದು ಸಕ್ಕರೆ ಒಂದನ್ನೇ ಅಳೆಯುವುದಿಲ್ಲ, ರಸದಲ್ಲಿ ಕರಗಿರುವುದನ್ನೆಲ್ಲ ಸೇರಿಸಿ ಅಳೆಯುತ್ತದೆ. ಲಿಂಬೆಯಲ್ಲಿ ಕರಗಿರುವುದರಲ್ಲಿ ಹೆಚ್ಚಿನ ಪಾಲು ಸಿಟ್ರಿಕ್ ಆಮ್ಲ. ರಸದಲ್ಲಿ ಅದು ಸುಮಾರು ಶೇ 6ರಿಂದ 7ರಷ್ಟಿರುತ್ತದೆ. ಮೂಸಂಬಿಯಲ್ಲಿ ಶೇ 1 ಕೂಡ ಇರಲ್ಲ, ಅಲ್ಲಿ ಸಕ್ಕರೆಯದೇ ಕಾರುಬಾರು. ಸಿಹಿಯೋ ಹುಳಿಯೋ ಅಂತ ನಾಲಿಗೆ ತೀರ್ಮಾನ ಮಾಡುವುದು ಇವೆರಡನ್ನೂ ತೂಗಿ ನೋಡಿಯೇ.

ಉತ್ತರ ಭಾರತದಲ್ಲಿ ಮೀಠಾ ನಿಂಬು ಅಂತ ಒಂದು ಸಿಹಿಲಿಂಬೆ ಸಿಗುತ್ತದೆ. ಅದರಲ್ಲಿ ಸಕ್ಕರೆ ಜಾಸ್ತಿ ಅಂತೇನಿಲ್ಲ, ಹುಳಿಯೇ ಇಲ್ಲದಷ್ಟು ಕಡಿಮೆ, ಅಷ್ಟೇ. ನನಗಂತೂ ಚಪ್ಪೆ. ಮೂಸಂಬಿಯನ್ನೂ ಸ್ವೀಟ್ ಲೈಮ್ ಅಂತ ಕರೆಯುವ ರೂಢಿ ಇದೆ. ಆದರೆ ನಮ್ಮ ಮೂಸಂಬಿಯನ್ನೂ, ಪಕ್ಕದ ಅನಂತಪುರ ಕಡೆಯ ಸಾತ್‌ಗುಡಿಯನ್ನೂ ತೋಟಗಾರಿಕೆಯವರು ಸೇರಿಸುವುದು ಸಿಹಿ ಕಿತ್ತಳೆ ಬಳಗಕ್ಕೆ.

ಜನ ನನ್ನ ಹತ್ತಿರ ಜಾಸ್ತಿ ಕೇಳುವುದು ಕಹಿಯ ಬಗ್ಗೆ. ಬಳ್ಳಾರಿ ಬಿಸಿಲಲ್ಲಿ ಮೂಸಂಬಿ ಜ್ಯೂಸ್ ಪಾರ್ಸೆಲ್ ತಂದು, ಒಂದು ತಾಸು ಬಿಟ್ಟು ಕುಡಿಯುತ್ತೀರಿ. ಕಹಿ! ಅಂಗಡಿಯವನಿಗೆ ಸುಮ್ನೆ ಬೈಗುಳ. ಹಣ್ಣಿನ ಒಳಗೆ ಕಹಿಯಲ್ಲದ ಒಂದು ವಸ್ತು ಇರುತ್ತದೆ. ಹಿಂಡಿದ ಮೇಲೆ ಅದು ರಸದ ಹುಳಿಗೆ ಸಿಕ್ಕಿ ನಿಧಾನವಾಗಿ ಲಿಮೋನಿನ್ ಆಗುತ್ತದೆ. ಕಹಿ ಅದರದು. ಬೀಜದಲ್ಲೂ ತೊಳೆಯ ಪೊರೆಯಲ್ಲೂ ಜಾಸ್ತಿ ಇರುವುದರಿಂದ, ಬೀಜ ಸಮೇತ ಮಿಕ್ಸಿಗೆ ಹಾಕಿದರೆ ಕೇಳುವುದೇ ಬೇಡ. ಬೀಜ ತೆಗೆದು, ಮೆತ್ತಗೆ ಹಿಂಡಿ, ಆಗಲೇ ಕುಡಿದುಬಿಡಿ. ತಡವಾದರೆ ಚಿಟಿಕೆ ಉಪ್ಪು ಹಾಕಿ. ಕಹಿ ಹೋಗುವುದಿಲ್ಲ, ಆದರೆ ನಾಲಿಗೆಗೆ ಅಷ್ಟು ತಾಗುವುದಿಲ್ಲ.

ಹಸಿರು ಮೂಸಂಬಿಯನ್ನು ಕಾಯಿ ಅಂತ ಬಿಟ್ಟು ಬರಬೇಡಿ. ಸಿಪ್ಪೆ ಹಳದಿಯಾಗಲು ರಾತ್ರಿ ತಂಪು ಬೇಕು, ರಾಯಚೂರಿನ ಸೆಕೆಯಲ್ಲಿ ಅದು ಎಲ್ಲಿಂದ ಬರಬೇಕು? ಹಸಿರಿದ್ದರೂ ಒಳಗೆ ಮಾಗಿರಬಹುದು. ಕೈಯಲ್ಲಿ ಹಿಡಿದಾಗ ಭಾರ ಅನ್ನಿಸುವುದನ್ನು ಆರಿಸಿ. ಮನೆಗೆ ತಂದು ಇಟ್ಟರೆ ಬಾಳೆಯ ಹಾಗೆ ಸಿಹಿಯಾಗುವ ಹಣ್ಣಲ್ಲ ಇದು.

ಲಿಂಬೆಯ ಘಮ ಮಾತ್ರ ಸಿಪ್ಪೆಯ ಎಣ್ಣೆಯದು. ಬಿಸಿ ತಾಗಿದರೆ ಹಾರಿಹೋಗುತ್ತದೆ. ಮಂಡಾಳ (ಮಂಡಕ್ಕಿ) ಒಗ್ಗರಣಿಗೆ ಒಲೆ ಆರಿಸಿದ ಮೇಲೇ ಲಿಂಬೆ ಹಿಂಡಿ.

ಅವತ್ತು ಆ ರೈತರಿಗೆ ಇಷ್ಟೆಲ್ಲ ಹೇಳಲಿಲ್ಲ. ಒಂದು ಲೋಟ ಮೂಸಂಬಿ ರಸಕ್ಕೆ ನಾಲ್ಕು ಹನಿ ಲಿಂಬೆ ಹಿಂಡಿ ಮತ್ತೆ ಮೀಟರಿಗೆ ಹಾಕಿದೆ. ಹತ್ತಕ್ಕೆ ಹತ್ತೇ. ಲೋಟ ಅವರ ಕೈಗೆ ಕೊಟ್ಟೆ. ಕುಡಿದು, "ಈಗ ರುಚಿ ಬಂತ್ ನೋಡ್ರೀ" ಅಂದರು.